ಕ್ಲಬ್ಬಿನಿಂದ ಬೇಸರಗೊಂಡು ಬಂದ ಸೋದರಳಿಯನಿಗೆ

ಪ್ರೀತಿಯ ಅಳಿಯನಿಗೆ ಸೋದರಮಾವನ ಆಶೀರ್ವಾದಗಳು.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಮೊದಲ ಸಲ ಓದುವಾಗ ಅಲ್ಲಲ್ಲಿ ನಗು ಬಂತು. ಎರಡನೆಯ ಸಲ ಬರಲಿಲ್ಲ. ಹೊಸ ಅಂಗಿಗೆ ಇಸ್ತ್ರಿ ಹಾಕಿಕೊಂಡು, ಶನಿವಾರ ರಾತ್ರಿ ಆ ಗೇ ಕ್ಲಬ್ಬಿನ ಹೊರಗೆ ಒಂದೂವರೆ ಗಂಟೆ ಸಾಲಿನಲ್ಲಿ ನಿಂತು, ಬಾಗಿಲಿನವನಿಂದ ‘ಇದು ಎಂಥ ಜಾಗ ಅಂತ ಗೊತ್ತಿದೆಯಾ’ ಎಂದು ಎರಡೆರಡು ಬಾರಿ ಕೇಳಿಸಿಕೊಂಡು, ಒಳಗೆ ಅಂಟಂಟು ನೆಲದ ಮೇಲೆ ಪ್ಲಾಸ್ಟಿಕ್ ಲೋಟ ಹಿಡಿದುಕೊಂಡು ಯಾರೊಬ್ಬರೂ ಮಾತನಾಡಿಸದ ಮೂರು ಗಂಟೆ ಕಳೆದು, ಕೊನೆಗೆ ಒಬ್ಬನೇ ನಡೆದು ಮನೆ ಸೇರಿದೆ ಎಂದು ಬರೆದಿದ್ದೀಯೆ. ಇಷ್ಟೇ ಆಗಿದ್ದರೆ ನಾನು ಪತ್ರ ಬರೆಯುತ್ತಿರಲಿಲ್ಲ, ಫೋನಿನಲ್ಲೇ ಸಮಾಧಾನ ಹೇಳಿ ಮುಗಿಸುತ್ತಿದ್ದೆ. ಆದರೆ ಕೊನೆಯ ಸಾಲಿನಲ್ಲಿ ‘ನಮ್ಮವರ ಜಾಗವೂ ನನ್ನ ಜಾಗವಲ್ಲವೇನೋ ಮಾವ’ ಎಂದಿದ್ದೀಯಲ್ಲ, ಆ ಸಾಲಿಗೆ ಉತ್ತರ ಕೊಡದೆ ಇರಲಾರೆ.

ನಿನ್ನ ನಿರಾಸೆಯಲ್ಲಿ ನನ್ನ ಪಾಲೂ ಇದೆ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನೀನು ಹದಿನೆಂಟರ ಹುಡುಗನಾಗಿದ್ದಾಗ, ನೀನೂ ನನ್ನಂತೆ ಗೇ ಎಂಬುದನ್ನು ನನ್ನೊಬ್ಬನಿಗೆ ಮೊದಲು ಹೇಳಿದ ದಿನದಿಂದ, ಆ ಕ್ಲಬ್ಬಿನ ಕಥೆಯನ್ನು ನಿನಗೆ ಎಷ್ಟು ಸಲ ಹೇಳಿದ್ದೇನೋ ನನಗೇ ಲೆಕ್ಕವಿಲ್ಲ. ಅಲ್ಲಿ ಒಳಗೆ ಕಾಲಿಟ್ಟ ಕ್ಷಣ ಹೆಗಲಿನ ಭಾರ ಇಳಿಯಿತು, ಅಪರಿಚಿತರು ಕೈಹಿಡಿದು ಕುಣಿಸಿದರು, ಬೆಳಗಿನ ಜಾವ ನಗುತ್ತ ಹೊರಬಂದೆವು ಎಂದೆಲ್ಲ ಬಣ್ಣಿಸಿದವನು ನಾನೇ. ನೀನು ಅಲ್ಲಿಗೆ ಹೋಗುವಾಗ ಮೂವತ್ತು ವರ್ಷಗಳ ಹಿಂದಿನ ನನ್ನ ರಾತ್ರಿಯನ್ನು ಹುಡುಕಿಕೊಂಡು ಹೋದೆ. ಅಲ್ಲಿದ್ದದ್ದು ಈ ವರ್ಷದ ಒಂದು ಶನಿವಾರ.

ಬಾಗಿಲಿನ ವಿಷಯವನ್ನು ಮೊದಲು ಹೇಳುತ್ತೇನೆ, ಏಕೆಂದರೆ ನಿನಗೆ ಹೆಚ್ಚು ನೋವಾದದ್ದು ಅಲ್ಲಿಯೇ ಎಂದು ನನಗೆ ಗೊತ್ತು. ಮದುವೆಯಾಗಲಿರುವ ಹುಡುಗಿಯೊಬ್ಬಳು ತನ್ನ ಗೆಳತಿಯರ ದಂಡನ್ನು ಕಟ್ಟಿಕೊಂಡು, ಹೆಗಲಿಗೆ ಹೊಳೆಯುವ ಪಟ್ಟಿ ಹಾಕಿಕೊಂಡು ಬಂದಾಗ ಅವರನ್ನು ಯಾವ ಪ್ರಶ್ನೆಯೂ ಇಲ್ಲದೆ ಒಳಗೆ ಬಿಟ್ಟರು. ನಿನ್ನನ್ನು ಮಾತ್ರ ತಡೆದರು. ಅದು ಅವಮಾನವೇ, ಅದನ್ನು ಅವಮಾನವಲ್ಲ ಎಂದು ನಾನು ಹೇಳುವುದಿಲ್ಲ. ಗೇ ಎಂದರೆ ಇಂಥ ಮುಖ, ಇಂಥ ಮೈಬಣ್ಣ, ಇಂಥ ಉಡುಪು ಎಂದು ಬಾಗಿಲಿನವನ ತಲೆಯಲ್ಲಿ ಒಂದು ಚಿತ್ರವಿದೆ, ಆ ಚಿತ್ರಕ್ಕೆ ನೀನು ಹೊಂದಲಿಲ್ಲ ಅಷ್ಟೆ. ಅವನ ಚಿತ್ರ ತಪ್ಪು, ನಿನ್ನ ಮುಖವಲ್ಲ. ಸಾಧ್ಯವಾದರೆ ದಿನ, ಸಮಯ, ಕೇಳಿದ ಮಾತು ಇಷ್ಟನ್ನು ನಾಲ್ಕು ಸಾಲಿನಲ್ಲಿ ಬರೆದು ಅಲ್ಲಿನ ಮ್ಯಾನೇಜರಿಗೆ ಕಳುಹಿಸು. ಬೈಗುಳ ಬೇಡ. ಶಾಂತವಾಗಿ ಬರೆದ ದೂರಿಗೆ ಉತ್ತರ ಕೊಡದೆ ತಪ್ಪಿಸಿಕೊಳ್ಳುವುದು ಅವರಿಗೆ ಹೆಚ್ಚು ಕಷ್ಟ.

ಹಿಂದೆ ಎಲ್ಲವೂ ಚೆನ್ನಾಗಿತ್ತು, ಈಗ ಕೆಟ್ಟಿತು ಎಂದು ಮಾತ್ರ ತಿಳಿಯಬೇಡ. ನಮ್ಮ ಚರಿತ್ರೆಯಲ್ಲಿ ಎಲ್ಲಕ್ಕಿಂತ ಹೆಸರಾದ ಜಾಗ ನ್ಯೂಯಾರ್ಕಿನ ಸ್ಟೋನ್‌ವಾಲ್ ಇನ್. ಅದನ್ನು 2016ರಲ್ಲಿ ಅಮೆರಿಕ ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿತು. ಆದರೆ 1969ರಲ್ಲಿ ಅದು ಎಂಥ ಜಾಗವಾಗಿತ್ತು ಗೊತ್ತೇ? ಮಾಫಿಯಾದವರ ಕೈಯಲ್ಲಿದ್ದ ಬಾರು. ಸದಸ್ಯರಿಗಷ್ಟೇ ಪ್ರವೇಶವಿರುವ ಖಾಸಗಿ ಕ್ಲಬ್ಬಿನ ಸೋಗು ಹಾಕಿಕೊಂಡು ನಡೆಯುತ್ತಿದ್ದುದರಿಂದ ಬಂದವರೆಲ್ಲ ಪುಸ್ತಕದಲ್ಲಿ ಹೆಸರು ಬರೆಯಬೇಕಿತ್ತು, ಬರೆಯುತ್ತಿದ್ದದ್ದು ಬಹುಪಾಲು ಸುಳ್ಳು ಹೆಸರುಗಳನ್ನೇ. ಬಾಗಿಲಿನ ಕಿಂಡಿಯಿಂದ ಇಣುಕಿ, ಪರಿಚಿತ ಮುಖವೋ ‘ನಮ್ಮವನ’ ಮುಖವೋ ಎಂದು ಖಾತ್ರಿಯಾದ ಮೇಲೆಯೇ ಒಳಗೆ ಬಿಡುತ್ತಿದ್ದರು. ಬಾರಿನ ಹಿಂದೆ ನಲ್ಲಿಯಲ್ಲಿ ನೀರಿರಲಿಲ್ಲ; ಕುಡಿದಿಟ್ಟ ಗ್ಲಾಸುಗಳನ್ನು ತೊಟ್ಟಿಯ ನೀರಿನಲ್ಲಿ ಅದ್ದಿ ತೆಗೆದು ಮತ್ತೆ ತುಂಬಿಸಿ ಕೊಡುತ್ತಿದ್ದರು. ಮದ್ಯಕ್ಕೆ ನೀರು ಬೆರೆಸುತ್ತಿದ್ದರು. ಕುಣಿಯುವ ಕೋಣೆಯಲ್ಲಿ ಫಕ್ಕನೆ ಬಿಳಿಯ ದೀಪ ಹತ್ತಿತೆಂದರೆ ಪೊಲೀಸರು ಬಂದರೆಂದು ಅರ್ಥ, ಜೋಡಿಗಳು ಕೈಬಿಟ್ಟು ದೂರ ಸರಿದು ನಿಲ್ಲಬೇಕು. ಆ ವರ್ಷದ ಜೂನ್ 28ರ ನಸುಕಿನಲ್ಲಿ ದೀಪ ಹತ್ತಿದಾಗ ಜನ ಎಂದಿನಂತೆ ಚದುರಿಹೋಗದೆ ಪೊಲೀಸರನ್ನು ಎದುರಿಸಿ ನಿಂತರು ಎಂಬುದರಿಂದಲೇ ಆ ಬಾರಿಗೆ ಇಂದು ಈ ಗೌರವ. ಕ್ಲಬ್ಬು ಮುಗಿಯುವ ಹೊತ್ತಿಗೆ ದೀಪ ಹಾಕಿದಾಗ ಎಲ್ಲರ ಮುಖವೂ ದಣಿದು ಕಂಗೆಟ್ಟಂತೆ ಕಂಡಿತು ಎಂದು ಬರೆದಿದ್ದೀಯೆ. ಅದನ್ನು ಓದಿದಾಗ ನನಗೆ ನೆನಪಾದದ್ದು ಆ ಬಿಳಿಯ ದೀಪವೇ.

ಪ್ಲಾಸ್ಟಿಕ್ ಲೋಟವನ್ನು ಕ್ಷಮಿಸಿಬಿಡು ಎಂದು ಹೇಳಲು ಇಷ್ಟು ಬರೆಯಲಿಲ್ಲ. ಕೆಟ್ಟ ವ್ಯವಸ್ಥೆ ಅಂದೂ ಕೆಟ್ಟದ್ದೇ, ಇಂದೂ ಕೆಟ್ಟದ್ದೇ. ಜನ ಅದನ್ನು ಸಹಿಸಿಕೊಂಡದ್ದು ಬೇರೆ ಜಾಗವಿರಲಿಲ್ಲ ಎಂಬ ಒಂದೇ ಕಾರಣಕ್ಕೆ. ನಿನಗೆ ಬೇರೆ ಜಾಗಗಳಿವೆ, ಆದ್ದರಿಂದ ಸಹಿಸಬೇಕಾದ ಹಂಗಿಲ್ಲ.

ಇನ್ನು ಆ ಮದುವೆ ಹುಡುಗಿಯ ದಂಡು. ಅವರ ಮೇಲೆ ನನಗೂ ಸಿಟ್ಟಿದೆ, ನೃತ್ಯದ ನಡುವೆ ಗುಂಪು ಕಟ್ಟಿಕೊಂಡು ನಮ್ಮನ್ನು ಮೃಗಾಲಯದ ಪ್ರಾಣಿಗಳಂತೆ ನೋಡುವವರನ್ನು ನಾನೂ ಕಂಡಿದ್ದೇನೆ. ಆದರೆ ಕ್ಲಬ್ಬಿನವರು ಅವರನ್ನು ಏಕೆ ಬಿಡುತ್ತಾರೆ ಎಂಬುದನ್ನೂ ಯೋಚಿಸು. ಲಂಡನ್ನಿನಲ್ಲಿ 2006ರಲ್ಲಿ ನಮ್ಮವರ ಬಾರು, ಪಬ್ಬು, ಕ್ಲಬ್ಬುಗಳು 125 ಇದ್ದವು. 2017ರ ಹೊತ್ತಿಗೆ ಉಳಿದದ್ದು 53. ಅಲ್ಲಿನ ಯೂನಿವರ್ಸಿಟಿ ಕಾಲೇಜಿನ ಸಂಶೋಧಕರು ಕುಳಿತು ಎಣಿಸಿದ ಲೆಕ್ಕವಿದು. ಏರುವ ಬಾಡಿಗೆ, ಹಳೆಯ ಕಟ್ಟಡ ಕೆಡವಿ ಹೊಸದು ಕಟ್ಟುವವರ ಒತ್ತಡ, ಲೈಸೆನ್ಸಿನ ತೊಡಕು, ಇವುಗಳ ನಡುವೆ ಉಳಿದುಕೊಂಡಿರುವ ಕ್ಲಬ್ಬಿಗೆ ಶನಿವಾರದ ಗಲ್ಲಾಪೆಟ್ಟಿಗೆಯೇ ಆಧಾರ. ಹನ್ನೆರಡು ಜನ ಒಟ್ಟಿಗೆ ಬಂದು ಒಟ್ಟಿಗೆ ಖರ್ಚು ಮಾಡುವ ಗುಂಪನ್ನು ಅವರು ಬಿಡಲಾರರು. ಶನಿವಾರ ಅವರು ಬಾಡಿಗೆ ದುಡಿಯುವ ದಿನ. ನಮ್ಮವರು ನಮ್ಮವರಾಗಿ ಸೇರುವ ದಿನ ಬೇರೆ ಇರುತ್ತದೆ. ಇದನ್ನು ನಾನು ನಿನಗೆ ಮೊದಲೇ ಹೇಳಬೇಕಿತ್ತು.

ಒಳಗಿದ್ದವರೆಲ್ಲ ಫೋನು ನೋಡುತ್ತ ನಿಂತಿದ್ದರು, ಪಕ್ಕದಲ್ಲಿ ನಿಂತವನೇ ಆ್ಯಪಿನಲ್ಲಿ ‘ಮೂರು ಮೀಟರ್ ದೂರ’ ಎಂದು ಕಾಣಿಸಿದ, ಆದರೆ ತಲೆ ಎತ್ತಲಿಲ್ಲ ಎಂದಿದ್ದೀಯೆ. ಹತ್ತಿರದಲ್ಲಿರುವ ನಮ್ಮವರನ್ನು ತೋರಿಸುವ ಗ್ರೈಂಡರ್ ಎಂಬ ಆ್ಯಪು ಬಂದದ್ದು 2009ರಲ್ಲಿ. ನಮ್ಮ ಕಾಲದಲ್ಲಿ ಒಬ್ಬರನ್ನೊಬ್ಬರು ಹುಡುಕಲು ಹೆಚ್ಚಿನವರು ಕ್ಲಬ್ಬಿನಂಥ ಜಾಗಗಳಿಗೇ ಹೋಗಬೇಕಿತ್ತು. ಆದ್ದರಿಂದ ಸಂಕೋಚದವರೂ ಬಾಯಿ ಬಿಡಬೇಕಾಗುತ್ತಿತ್ತು. ಈಗ ಆ ಅನಿವಾರ್ಯತೆ ಹೋಗಿದೆ, ಜೊತೆಗೆ ಮಾತನಾಡುವ ಅಭ್ಯಾಸವೂ ಹೋಗಿದೆ. ಒಂದು ಮಾತು ಕೇಳುತ್ತೇನೆ, ಬೇಸರಿಸಬೇಡ: ಅವನು ಮೂರು ಮೀಟರ್ ದೂರದಲ್ಲಿದ್ದಾನೆ ಎಂಬುದು ನಿನಗೆ ಗೊತ್ತಾದದ್ದು ಹೇಗೆ? ನಿನ್ನ ಕೈಯಲ್ಲೂ ಫೋನಿತ್ತಲ್ಲವೇ?

ಸಂಗೀತದ ಬಗ್ಗೆ ನಿನ್ನ ದೂರನ್ನು ಮಾತ್ರ ಪೂರ್ತಿ ಒಪ್ಪುತ್ತೇನೆ. ನಿಮಿಷಕ್ಕೊಂದು ಹಾಡು ಕತ್ತರಿಸಿ ಹಾಕುವುದು ಕುಣಿಸುವ ರೀತಿಯಲ್ಲ. ನಿನಗೆ ಪ್ರಿಯವಾದ, ಹೌಸ್ ಎಂಬ ಆ ಕುಣಿತದ ಸಂಗೀತಕ್ಕೆ ಹೆಸರು ಬಂದದ್ದೇ ಷಿಕಾಗೋದ ವೇರ್‌ಹೌಸ್ ಎಂಬ ಕ್ಲಬ್ಬಿನಿಂದ. 1977ರಿಂದ ಅಲ್ಲಿ ಫ್ರಾಂಕಿ ನಕಲ್ಸ್ ಎಂಬ ಡಿಜೆ ನುಡಿಸುತ್ತಿದ್ದ, ಬರುತ್ತಿದ್ದವರಲ್ಲಿ ಹೆಚ್ಚಿನವರು ಕಪ್ಪು ಮತ್ತು ಲ್ಯಾಟಿನೋ ಜನಾಂಗದ ಗೇ ಹುಡುಗರು, ಎಂದರೆ ಬೇರೆ ಕ್ಲಬ್ಬಿನ ಬಾಗಿಲಿನಲ್ಲಿ ನಿನ್ನಂತೆಯೇ ಪ್ರಶ್ನೆ ಕೇಳಿಸಿಕೊಂಡವರು. ಅದೇ ಕಾಲದ ನ್ಯೂಯಾರ್ಕಿನ ಪ್ಯಾರಡೈಸ್ ಗ್ಯಾರೇಜ್ ಎಂಬ ಕ್ಲಬ್ಬಿನಲ್ಲಿ ಮದ್ಯವನ್ನೇ ಮಾರುತ್ತಿರಲಿಲ್ಲ. ಅಲ್ಲಿ ಲ್ಯಾರಿ ಲೆವಾನ್ ಎಂಬ ಡಿಜೆ ನುಡಿಸುತ್ತಿದ್ದ ಸಂಗೀತಕ್ಕೆ ಜನ ಬೆಳಗಾಗುವವರೆಗೆ ಕುಣಿಯುತ್ತಿದ್ದರು. ಆದ್ದರಿಂದ ಮುಂದಿನ ಸಲ ಕ್ಲಬ್ಬಿನ ಹೆಸರು ನೋಡಿ ಹೋಗಬೇಡ, ಆ ರಾತ್ರಿ ಯಾರು ನುಡಿಸುತ್ತಾರೆ ಎಂದು ನೋಡಿ ಹೋಗು. ಹೆಸರು ಗೋಡೆಯದು, ರಾತ್ರಿ ಡಿಜೆಯದು.

ಇಷ್ಟು ಹೇಳಿದ ಮೇಲೆ ನಿನಗೆ ಇದುವರೆಗೆ ಹೇಳದ ಒಂದು ವಿಷಯವನ್ನೂ ಹೇಳಬೇಕು. ನಾನು ಕಥೆ ಹೇಳುತ್ತಿದ್ದ ಆ ರಾತ್ರಿ ಆ ಕ್ಲಬ್ಬಿನಲ್ಲಿ ನನ್ನ ಮೊದಲ ರಾತ್ರಿಯಾಗಿರಲಿಲ್ಲ, ಐದನೆಯದೋ ಆರನೆಯದೋ. ಮೊದಲ ರಾತ್ರಿ ನಾನು ಕೋಟು ಒಪ್ಪಿಸುವ ಕಿಟಕಿಯ ಪಕ್ಕದ ಕಂಬಕ್ಕೆ ಒರಗಿ ನಿಂತಿದ್ದೆ. ಕೈಯಲ್ಲಿ ಒಂದೇ ಗ್ಲಾಸು. ಅದು ಖಾಲಿಯಾದರೆ ಮತ್ತೆ ಬಾರಿನ ತನಕ ಜನರನ್ನು ದಾಟಿಕೊಂಡು ಹೋಗಬೇಕಲ್ಲ ಎಂಬ ಹೆದರಿಕೆಗೆ ಎರಡು ಗಂಟೆ ಅದನ್ನೇ ಗುಟುಕರಿಸಿದೆ. ಕೋಟಿನ ಟೋಕನ್ನು ಜೇಬಿನಲ್ಲಿತ್ತು, ಅದನ್ನು ಬೆರಳಿನಲ್ಲಿ ಎಷ್ಟು ತಿರುಗಿಸಿದ್ದೆನೆಂದರೆ ಅದರ ಮೇಲಿದ್ದ ಅಂಕಿ ಅಳಿಸಿಹೋಗಿ, ಹೊರಡುವಾಗ ಕಿಟಕಿಯವಳಿಗೆ ನನ್ನ ಕೋಟು ಕಂದು ಬಣ್ಣದ್ದು, ಎಡಗಡೆಯ ಗುಂಡಿ ಕಿತ್ತಿದೆ ಎಂದು ವಿವರಿಸಬೇಕಾಯಿತು. ಆ ರಾತ್ರಿ ನನ್ನೊಡನೆ ಮಾತನಾಡಿದ್ದು ಅವಳೊಬ್ಬಳೇ. ಮನೆಗೆ ಬಂದು ನಾನೂ ನಿನ್ನ ಕೊನೆಯ ಸಾಲಿನಂಥದ್ದನ್ನೇ ಯೋಚಿಸಿದೆ, ಬರೆದು ಕಳುಹಿಸಲು ನನಗೆ ಮಾವ ಇರಲಿಲ್ಲ. ನಂತರ ಮತ್ತೆ ಹೋದದ್ದು ಧೈರ್ಯದಿಂದಲ್ಲ, ಗೆಳೆಯನೊಬ್ಬ ಒಂದು ಬುಧವಾರ ಕೈಹಿಡಿದು ಎಳೆದುಕೊಂಡು ಹೋದದ್ದರಿಂದ. ಮೊದಲ ರಾತ್ರಿಯನ್ನು ನಾನು ಕಥೆಯಿಂದ ಕೈಬಿಟ್ಟೆ. ಕಥೆ ಹೇಳುವವರೆಲ್ಲ ಹೀಗೆಯೇ ಮಾಡುತ್ತಾರೇನೋ, ಆದರೆ ನಿನ್ನ ವಿಷಯದಲ್ಲಿ ನಾನು ಮಾಡಬಾರದಿತ್ತು.

ಈಗ ನನ್ನ ಸಲಹೆ ಇಷ್ಟು. ವಾರದ ನಡುವಿನ ದಿನ ಹೋಗು. ಬಾಗಿಲು ತೆರೆದ ಒಂದು ಗಂಟೆಯೊಳಗೆ ಹೋಗು, ಆಗ ಬಾರಿನವರಿಗೂ ಮಾತನಾಡಲು ಪುರುಸೊತ್ತಿರುತ್ತದೆ, ನಾಲ್ಕು ಸಲ ಹೋದರೆ ಅವರಿಗೆ ನಿನ್ನ ಮುಖ ಪರಿಚಯವಾಗುತ್ತದೆ, ಪರಿಚಯದ ಮುಖವನ್ನು ಬಾಗಿಲಿನವನೂ ತಡೆಯುವುದಿಲ್ಲ. ಒಬ್ಬ ಗೆಳೆಯನನ್ನೋ ಗೆಳತಿಯನ್ನೋ ಕರೆದುಕೊಂಡು ಹೋಗು. ಲೋಟವನ್ನು ಎಲ್ಲಿಯೂ ಇಟ್ಟು ಮರೆಯಬೇಡ, ಯಾರಾದರೂ ಅದರಲ್ಲಿ ಏನಾದರೂ ಬೆರೆಸಿಬಿಟ್ಟಾರು. ಎಲ್ಲಕ್ಕಿಂತ ಮುಖ್ಯವಾಗಿ, ರಾತ್ರಿ ವ್ಯರ್ಥವಾಯಿತಲ್ಲ ಎಂಬ ಹಟಕ್ಕೆ ಮುಚ್ಚುವ ಹೊತ್ತಿನಲ್ಲಿ ಸಿಕ್ಕವರೊಡನೆ ಹೊರಡಬೇಡ. ನೀನು ಒಬ್ಬನೇ ನಡೆದು ಬಂದದ್ದನ್ನು ಸೋಲೆಂಬಂತೆ ಬರೆದಿದ್ದೀಯೆ, ನಾನಂತೂ ಆ ಸಾಲು ಓದಿ ನೆಮ್ಮದಿಯ ಉಸಿರು ಬಿಟ್ಟೆ. ಕುಣಿತವೇ ನಿನಗೆ ಹಿಡಿಸದಿದ್ದರೆ ಅದನ್ನೂ ಒಪ್ಪಿಕೋ. ನಮ್ಮವರು ಹಾಡುವ ಗುಂಪುಗಳಿವೆ, ಓದುವ ಗುಂಪುಗಳಿವೆ, ಬೆಟ್ಟ ಹತ್ತುವವರಿದ್ದಾರೆ. ಕ್ಲಬ್ಬು ಹಿಡಿಸದ ಗೇ ಮನುಷ್ಯ ಅರ್ಧ ಗೇ ಅಲ್ಲ.

ನಿನ್ನ ಅಮ್ಮನಿಗೂ ಎಲ್ಲ ಹೇಳಿದ್ದೀಯಂತೆ. ಅವಳು ನನಗೆ ಫೋನು ಮಾಡಿ ‘ಅಷ್ಟು ಹೊತ್ತು ನಿಂತಿದ್ದನಂತಲ್ಲ, ಊಟ ಮಾಡಿ ಹೋಗಿದ್ದನೋ ಇಲ್ಲವೋ ಕೇಳು’ ಎಂದಳು. ಕೇಳಿದ್ದೇನೆ, ಉತ್ತರವನ್ನು ಅವಳಿಗೇ ಬರೆ.

ಮುಂದಿನ ತಿಂಗಳು ಕೆಲಸದ ಮೇಲೆ ಒಂದು ವಾರ ನಿನ್ನ ಊರಿಗೆ ಬರುವವನಿದ್ದೇನೆ. ಗುರುವಾರ ಸಂಜೆ ಬಾಗಿಲು ತೆರೆಯುವ ಹೊತ್ತಿಗೆ ಇಬ್ಬರೂ ಅಲ್ಲಿಗೆ ಹೋಗೋಣ. ನಾನು ನಿಂತಿದ್ದ ಕಂಬ ಇನ್ನೂ ಇದ್ದರೆ ತೋರಿಸುತ್ತೇನೆ. ನನ್ನ ಮೊಣಕಾಲುಗಳು ಹನ್ನೊಂದು ಗಂಟೆಯವರೆಗೆ ಸಹಕರಿಸಬಹುದು. ಆಮೇಲೆ ನಾನು ಕೋಟು ತೆಗೆದುಕೊಂಡು ಹೊರಡುತ್ತೇನೆ, ನೀನು ನನ್ನ ಜೊತೆಗೆ ಹೊರಡಬೇಕಾಗಿಲ್ಲ.

ಇತಿ,
ನಿನ್ನ ಮಾವ