ಕಟ್ಟಡ ಕೆಡಹುವ ಮುನ್ನ ಹಳೆಯ ಡೈರೆಕ್ಟರಿ ತೆರೆದು ನೋಡೋಣ

ಮಾನ್ಯ ಸಂಪಾದಕರೆ,

ಮುಂಬಯಿಯ ಫೋರ್ಟ್ ಪರಿಸರದ ಹಳೆಯ ಕಟ್ಟಡಗಳು ರಿಡೆವಲಪ್‌ಮೆಂಟಿಗೆ ಹೋಗುತ್ತಿರುವಾಗ, ಹಗಲು ಹೋಟೆಲುಗಳಲ್ಲಿ ದುಡಿದು ರಾತ್ರಿ ಶಾಲೆಗಳಲ್ಲಿ ಓದಿದ ನಮ್ಮ ಹಿರಿಯರ ನೆಲೆಗಳು ಗುರುತಿಲ್ಲದಂತೆ ಅಳಿಯುತ್ತಿವೆ. ಅವುಗಳ ಇತಿಹಾಸವನ್ನು ಹುಡುಕಲು ನನಗೆ ಒದಗಿದ ಒಂದು ದಾರಿಯನ್ನು ಓದುಗರಿಗೆ ತಿಳಿಸಬೇಕೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ತಂದೆಯವರು ಕುಂದಾಪುರದಿಂದ ಬಂದು ಕೆಲಸಕ್ಕೆ ನಿಂತ ಹೋಟೆಲು ಬಜಾರ್‌ಗೇಟ್ ಸ್ಟ್ರೀಟಿನಲ್ಲಿತ್ತು. ಆ ಕಟ್ಟಡ ಯಾವ ಕಾಲದ್ದೆಂದು ಕೇಳಿದರೆ ಹೇಳುವವರಿರಲಿಲ್ಲ. ನಮ್ಮಲ್ಲಿದ್ದುದು ಒಂದು ಬಾಡಿಗೆ ರಸೀದಿ ಮಾತ್ರ. ಕೊನೆಗೆ ನೆರವಾದವು ಟೈಮ್ಸ್ ಆಫ್ ಇಂಡಿಯಾದವರು ಹಿಂದೆ ಹೊರತರುತ್ತಿದ್ದ, ಹೆಸರು-ವಿಳಾಸಗಳ ಪಟ್ಟಿಯುಳ್ಳ ವಾರ್ಷಿಕ ಡೈರೆಕ್ಟರಿಗಳು. ರಸೀದಿಯ ವರ್ಷದಿಂದ ಒಂದೊಂದೇ ವರ್ಷ ಹಿಂದಕ್ಕೆ ಸರಿಯುತ್ತ ಹೋದಂತೆ, ಹೋಟೆಲಿಗೂ ಮೊದಲು ಅಲ್ಲಿ ಬಟ್ಟೆ ವ್ಯಾಪಾರಿಯೊಬ್ಬರು, ಅವರಿಗೂ ಮೊದಲು ಒಂದು ಮುದ್ರಣಾಲಯ ಇದ್ದುದು ತಿಳಿಯಿತು.

ಈ ಕೆಲಸದಲ್ಲಿ ಎಚ್ಚರವೂ ಬೇಕು. ಇಂದಿನ ದಾದಾಭಾಯಿ ನವರೋಜಿ ರಸ್ತೆಯನ್ನು ಹಾರ್ನ್‌ಬಿ ರೋಡ್ ಎಂದೂ ನಗೀನ್‌ದಾಸ್ ಮಾಸ್ಟರ್ ರಸ್ತೆಯನ್ನು ಮೆಡೋಸ್ ಸ್ಟ್ರೀಟ್ ಎಂದೂ ಹುಡುಕಬೇಕು. ನಮ್ಮ ಬಜಾರ್‌ಗೇಟ್ ಸ್ಟ್ರೀಟು ಈಗ ಪೆರಿನ್ ನರಿಮನ್ ಸ್ಟ್ರೀಟ್. ಮನೆ ನಂಬರುಗಳೂ ಬದಲಾಗಿರುತ್ತವೆ. ನಂಬರು ಅದೇ ಇದ್ದರೂ ಹಳೆಯದನ್ನು ಕೆಡವಿ ಹೊಸದಾಗಿ ಕಟ್ಟಿರಬಹುದಾದ್ದರಿಂದ, ಅಕ್ಕಪಕ್ಕದ ಅಂಗಡಿಗಳನ್ನೂ ಮೂಲೆಯ ಅಗಿಯಾರಿಯನ್ನೂ (ಪಾರ್ಸಿಗಳ ಅಗ್ನಿ ದೇವಾಲಯ) ಹೋಲಿಸಿ ನೋಡದೆ ತೀರ್ಮಾನಕ್ಕೆ ಬರಬಾರದು. ಒಂದು ವರ್ಷದ ಪಟ್ಟಿಯಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಕಟ್ಟಡವೇ ಇರಲಿಲ್ಲ ಎನ್ನುವಂತೆಯೂ ಇಲ್ಲ.

ಇದು ಬರಿಯ ಕುತೂಹಲದ ವಿಷಯವಲ್ಲ. ಸೆಸ್ ಕಟ್ಟಡಗಳಲ್ಲಿ, ಅಂದರೆ ದುರಸ್ತಿಗಾಗಿ ಉಪಕರ ಕಟ್ಟುವ ಹಳೆಯ ಬಾಡಿಗೆ ಕಟ್ಟಡಗಳಲ್ಲಿ, 1940ರ ಸೆಪ್ಟೆಂಬರ್ 1ಕ್ಕಿಂತ ಹಿಂದಿನವು 'ಎ' ವರ್ಗಕ್ಕೆ ಸೇರುವುದರಿಂದ ಕಟ್ಟಡದ ವಯಸ್ಸು ಬಾಡಿಗೆದಾರರಿಗೂ ಮುಖ್ಯ. ಡೈರೆಕ್ಟರಿಯೊಂದೇ ಅದಕ್ಕೆ ಪುರಾವೆಯಾಗಲಾರದು. ಆದರೆ ಪಾಲಿಕೆಯ ಕಡತಗಳನ್ನು ಯಾವ ವರ್ಷದಿಂದ ಕೇಳಬೇಕೆಂಬುದನ್ನು ಅದು ತೋರಿಸಿಕೊಡುತ್ತದೆ.

ಆ ಪುಟಗಳಲ್ಲಿ ನನ್ನ ತಂದೆಯವರ ಹೆಸರು ಎಲ್ಲಿಯೂ ಇಲ್ಲ. ಡೈರೆಕ್ಟರಿಯಲ್ಲಿ ಅಚ್ಚಾಗುತ್ತಿದ್ದುದು ಮಾಲಿಕರ, ವ್ಯಾಪಾರಿಗಳ ಹೆಸರು. ಹೋಟೆಲಿನ ಅಟ್ಟದಲ್ಲಿ ಚಾಪೆ ಹಾಸಿ ಮಲಗುತ್ತಿದ್ದ ಹುಡುಗರದ್ದಲ್ಲ. ಆ ಹೆಸರುಗಳು ಸಿಗುವುದಿದ್ದರೆ ರಾತ್ರಿ ಶಾಲೆಯ ಹಾಜರಿ ಪುಸ್ತಕದಲ್ಲಿ, ಊರಿಗೆ ಕಳುಹಿಸಿದ ಮನಿಯಾರ್ಡರ್ ರಸೀದಿಯಲ್ಲಿ, ವಿಳಾಸ ಅಚ್ಚಾದ ಲಗ್ನಪತ್ರಿಕೆಯಲ್ಲಿ ಸಿಗಬೇಕು. ಆದ್ದರಿಂದ ಮುಂಬಯಿಯ ಕನ್ನಡ ಸಂಘಗಳಲ್ಲಿ ನನ್ನ ವಿನಂತಿ: ಸದಸ್ಯರ ಮನೆಗಳಲ್ಲಿರುವ ಇಂತಹ ಕಾಗದಗಳು ರದ್ದಿಗೆ ಹೋಗುವ ಮೊದಲು ಅವುಗಳ ಪ್ರತಿ ತೆಗೆದು, ಬೀದಿ ಮತ್ತು ವರ್ಷದ ಪ್ರಕಾರ ಜೋಡಿಸಿಡುವ ಕೆಲಸವನ್ನು ದಯವಿಟ್ಟು ಈ ವರ್ಷವೇ ಕೈಗೆತ್ತಿಕೊಳ್ಳಿ. ನಮ್ಮ ರಸೀದಿಯ ಪ್ರತಿಯನ್ನು ಮೊದಲಿಗೆ ನಾನೇ ಕೊಡುತ್ತೇನೆ.

– ಓರ್ವ ಹಳೆಯ ಬಾಡಿಗೆದಾರ, ಫೋರ್ಟ್, ಮುಂಬಯಿ