ಕ್ರೌನ್ ಆಯಿಲ್ ರೇಟ್ ಬಗ್ಗೆ ನಮ್ಮ ಪಿಕಪ್ ಗ್ರಾಹಕರಿಗೆ

ಮಾಲೀಕರಿಗೆ, ಡ್ರೈವರ್ ಅಣ್ಣಂದಿರಿಗೆ ನಮಸ್ಕಾರ.

ಬರುವ 1ನೇ ತಾರೀಖಿನಿಂದ ನಮ್ಮಲ್ಲಿ ಹಿಂದಿನ ಚಕ್ರ ತಿರುಗಿಸುವ ಗೇರುಗಳ ಪೆಟ್ಟಿಗೆಗೆ, ಅಂದರೆ ಕ್ರೌನ್ ಇರುವ ಡಿಫರೆನ್ಷಿಯಲ್‌ಗೆ ಡ್ರಮ್ಮಿನ ಲೂಸ್ ಆಯಿಲ್ ಹಾಕುವುದಿಲ್ಲ. ಸೀಲ್ ಇರುವ ಜಿಎಲ್-5 (ಹೆಚ್ಚು ಒತ್ತಡ ತಡೆಯುವ ದರ್ಜೆಯ ಗೇರ್ ಆಯಿಲ್) ಕ್ಯಾನ್ ಮಾತ್ರ, ಅದನ್ನೂ ನಿಮ್ಮ ಎದುರೇ ಒಡೆಯುತ್ತೇವೆ. ಆಯಿಲ್ ಬದಲಾಯಿಸುವ ಕೂಲಿ 300ರಿಂದ 400 ಆಗುತ್ತದೆ. ಕ್ರೌನ್-ಪಿನಿಯನ್ (ಡಿಫರೆನ್ಷಿಯಲ್ ಒಳಗಿನ ದೊಡ್ಡ-ಚಿಕ್ಕ ಹಲ್ಲುಚಕ್ರದ ಜೋಡಿ) ತರಿಸಬೇಕಾದರೆ ಅರ್ಧ ದುಡ್ಡು ಅಡ್ವಾನ್ಸ್. ಕಾಫಿ ಕೊಯ್ಲಿನ ಹೊತ್ತಲ್ಲಿ ಈ ಸುದ್ದಿ ಹೇಳುತ್ತಿದ್ದೇವೆ, ಕ್ಷಮಿಸಿ.

ಎಲ್ಲರೂ ಕೇಳುವುದು ಒಂದೇ. "ಜಿಎಸ್‌ಟಿ ಇಳೀತಲ್ಲ, ನಿಮ್ಮ ಬಿಲ್ ಮಾತ್ರ ಯಾಕೆ ಏರುತ್ತೆ?" ಟೀ ಅಂಗಡಿಯಲ್ಲಿ ನಮ್ಮ ಬೆನ್ನ ಹಿಂದೆಯೂ ಇದೇ ಮಾತು. ಲೆಕ್ಕ ಹೇಳಿಬಿಡುತ್ತೇವೆ, ಕೇಳಿ. 2025ರ ಸೆಪ್ಟೆಂಬರ್ 22ರಿಂದ ಬಿಡಿಭಾಗಗಳ ತೆರಿಗೆ ಶೇ 28ರಿಂದ 18ಕ್ಕೆ ಇಳಿಯಿತು, ನಿಜ. ತೆರಿಗೆ ಬಿಟ್ಟು 10,000 ರೂಪಾಯಿ ಇರುವ ಕ್ರೌನ್-ಪಿನಿಯನ್ ಸೆಟ್ಟಿಗೆ ಮೊದಲು 12,800 ಬೀಳುತ್ತಿತ್ತು, ಈಗ 11,800. ಆ ಸಾವಿರ ನಿಮ್ಮ ಕೈಗೇ ಬಂದಿದೆ. ನಂಬಿಕೆ ಇಲ್ಲದಿದ್ದರೆ ಹಳೇ ಬಿಲ್ ತಂದು ಪಕ್ಕದಲ್ಲಿಟ್ಟು ನೋಡಿ. ಆದರೆ ಗೇರ್ ಆಯಿಲಿಗೆ ಆಗಲೂ 18, ಈಗಲೂ 18. ರಿಪೇರಿ ಕೂಲಿಗೂ ಅಷ್ಟೇ. ಇಳಿಯದೇ ಇರುವುದನ್ನು ನಾವು ಎಲ್ಲಿಂದ ಇಳಿಸೋಣ? ಬೆಂಗಳೂರಿನ ಜೆ.ಸಿ. ರೋಡಿನಿಂದ ಸಕಲೇಶಪುರಕ್ಕೆ ಬರುವ ಪಾರ್ಸೆಲ್ಲಿನ ಬಾಡಿಗೆ, ಅಳತೆ ತಪ್ಪಿದ ಸಾಮಾನು ವಾಪಸ್ ಕಳಿಸುವ ಖರ್ಚು, ಇವು ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಬೈಗುಳ ಮಾತ್ರ ನಮ್ಮ ಲೆಕ್ಕಕ್ಕೆ.

"ಗೇರ್‌ಬಾಕ್ಸಿಗೆ ತಂದ ಜಿಎಲ್-4 ಉಳಿದಿದೆ, ಅದನ್ನೇ ಹಾಕಿ" ಅನ್ನಬೇಡಿ. ಡಿಫರೆನ್ಷಿಯಲ್ ಹೌಸಿಂಗಿನಲ್ಲಿ (ಹೊರಗಿನ ಕವಚ) ಗೇರಿನ ಹಲ್ಲುಗಳು ಉರುಳುವುದಷ್ಟೇ ಅಲ್ಲ, ಒಂದರ ಮೇಲೊಂದು ಜಾರುತ್ತವೆ. ಲೋಡ್ ಹೊತ್ತು ಶಿರಾಡಿ ಘಾಟ್ ಹತ್ತುವಾಗ ಆ ಒತ್ತಡಕ್ಕೆ ಜಿಎಲ್-4 ಸಾಲದು. ಇನ್ನು ಬಿಸಿ ಹೌಸಿಂಗ್ ಹಳ್ಳದ ತಣ್ಣೀರಿಗೆ ಇಳಿದರೆ ಬ್ರೀದರ್ (ಗಾಳಿ ಆಡುವ ಸಣ್ಣ ತೂತು) ಮೂಲಕ ನೀರು ಎಳೆದುಕೊಳ್ಳುತ್ತದೆ. ಆಯಿಲ್ ಹಾಲು ಹಾಕಿದ ಕಾಫಿಯಂತೆ ಕಂಡರೆ ಕಿಲೋಮೀಟರ್ ಲೆಕ್ಕ ನೋಡಬೇಡಿ, ಕೂಡಲೇ ಬದಲಾಯಿಸಿ.

400 ಕೂಲಿ ಸುಮ್ನೆ ಅಲ್ಲ. ನಮ್ಮ ಹುಡುಗರು ಮೊದಲು ಆಯಿಲ್ ತುಂಬುವ ಮೇಲಿನ ಫಿಲ್ಲರ್ ಪ್ಲಗ್ ಬಿಚ್ಚುತ್ತಾರೆ. ಅದು ಬಿಚ್ಚದೇ ಆಯಿಲ್ ಖಾಲಿ ಮಾಡುವ ಕೆಳಗಿನ ಪ್ಲಗ್ ಮುಟ್ಟುವುದಿಲ್ಲ. ಆಯಿಲ್ ಖಾಲಿ ಮಾಡಿದ ಮೇಲೆ ಫಿಲ್ಲರ್ ಜಾಮ್ ಆಗಿದೆ ಅಂತ ಗೊತ್ತಾದರೆ ಗಾಡಿ ಅಲ್ಲೇ ನಿಂತಿತು, ಅಲ್ವಾ? ಬ್ರೀದರ್ ಕ್ಲೀನ್ ಮಾಡುವುದೂ ಇದರಲ್ಲೇ ಸೇರಿದೆ. ಈ ಕೆಲಸದಲ್ಲಿ ನಮಗೆ ಯಾರೂ ಪಾಠ ಹೇಳಬೇಕಿಲ್ಲ.

ಹಳೇ ಟಾಟಾ 207 ಪಿಕಪ್ ಇಟ್ಟುಕೊಂಡವರಿಗೆ ಒಂದು ಮಾತು. "ಪಿನಿಯನ್ ಒಂದೇ ತರಿಸಿ" ಅನ್ನುತ್ತೀರಿ. ಕ್ರೌನ್, ಪಿನಿಯನ್ ಎರಡನ್ನೂ ಫ್ಯಾಕ್ಟರಿಯಲ್ಲಿ ಒಂದಕ್ಕೊಂದು ಉಜ್ಜಿ ಜೋಡಿ ಮಾಡಿರುತ್ತಾರೆ. ಒಂದು ಹೊಸದು, ಒಂದು ಹಳೇದು ಹಾಕಿದರೆ ಊಳಿಡುತ್ತದೆ, ಆಮೇಲೆ ಎರಡೂ ಹಾಳು. ಮಾಡೆಲ್ ಬದಲಾದರೆ ಹಲ್ಲಿನ ಲೆಕ್ಕವೂ ಬದಲಾಗುತ್ತದೆ. ತರಿಸಿಟ್ಟ ಸೆಟ್ ನೀವು ಬೇಡ ಅಂದರೆ ಬೇರೆ ಗಾಡಿಗೆ ಆಗುವುದಿಲ್ಲ. ಅಡ್ವಾನ್ಸ್ ಕೇಳುವುದು ಅದಕ್ಕೇ, ನಿಮ್ಮ ಮೇಲೆ ಅನುಮಾನದಿಂದ ಅಲ್ಲ. ಸಾಮಾನು ಸಿಗದಿದ್ದರೆ ಪೂರ್ತಿ ವಾಪಸ್.

ಸೀಲ್ ಇರುವ ಆಯಿಲ್ ನೀವೇ ತಂದರೂ ಹಾಕಿಕೊಡುತ್ತೇವೆ, ಕೂಲಿ ಕೊಟ್ಟರೆ ಸಾಕು. ಗಾಡಿ ತರುವ ಮುಂಚೆ ಚಾಸಿ ನಂಬರ್ ವಾಟ್ಸಾಪ್ ಮಾಡಿ. ಸಾಮಾನು ಸಿಗುತ್ತೋ ಇಲ್ಲವೋ ಅಂತ ಅದೇ ಸಂಜೆ ನಾವೇ ಫೋನ್ ಮಾಡುತ್ತೇವೆ.