ವಾರ್ಡಿಗೆ ನಿಲ್ಲುವ ಮೊದಲು

ಚಿ. ಪುಟ್ಟಿಗೆ ಕಾರವಾರದಿಂದ ದೊಡ್ಡಪ್ಪನ ಆಶೀರ್ವಾದಗಳು. ಇತ್ತ ಎಲ್ಲ ಕ್ಷೇಮ. ಮಳೆ ಹಿಡಿದಾಗಿಂದ ನಿನ್ನ ದೊಡ್ಡಮ್ಮನ ಮಂಡಿನೋವು ಮಾತ್ರ ಸ್ವಲ್ಪ ಜಾಸ್ತಿ.

ನೀನು ಶಿರಸಿ ನಗರಸಭೆಗೆ ನಿಲ್ಲುವ ಸುದ್ದಿಯನ್ನು ನಿನ್ನ ಅಪ್ಪ ಫೋನಿನಲ್ಲಿ ಹೇಳಿದ. ಮೊದಲು ವಾರ್ಡು, ಐದು ವರ್ಷಕ್ಕೆ ಶಾಸಕಿ, ಇನ್ನೈದು ವರ್ಷಕ್ಕೆ ದಿಲ್ಲಿ ಅಂತ ಲೆಕ್ಕ ಹಾಕಿದ್ದೀಯಂತೆ. ಅವನು ನಗಾಡಿದ. ನನಗೆ ನಗು ಬರಲಿಲ್ಲ. ಪುರಸಭೆ, ನಗರಸಭೆಗಳಲ್ಲಿ ನಡವಳಿ ಬರೆದೇ ಕೂದಲು ಬೆಳ್ಳಗಾದವನು ನಾನು. ಸದಸ್ಯರು ಹೇಗೆ ಬರುತ್ತಾರೆ, ಹೇಗೆ ಹೋಗುತ್ತಾರೆ ಅನ್ನುವುದನ್ನು ಹತ್ತಿರದಿಂದ ನೋಡಿದ್ದೇನೆ. ಹಾಗಾಗಿ ಕೇಳದಿದ್ದರೂ ನಾಲ್ಕು ಮಾತು ಬರೆಯುತ್ತಿದ್ದೇನೆ.

ದ್ರೌಪದಿ ಮುರ್ಮು ಅವರ ಉದಾಹರಣೆ ಕೊಟ್ಟೆಯಂತೆ. ಒಳ್ಳೆಯ ಉದಾಹರಣೆಯೇ. ಆದರೆ ನೀನು ಮೊದಲ ಪುಟ, ಕೊನೆಯ ಪುಟ ಎರಡೇ ಓದಿದ್ದೀಯ. 1997ರಲ್ಲಿ ಒಡಿಶಾದ ರಾಯರಂಗಪುರದಲ್ಲಿ ಕೌನ್ಸಿಲರ್, 2022ರಲ್ಲಿ ರಾಷ್ಟ್ರಪತಿ. ನಡುವೆ 25 ವರ್ಷ ಇದೆಯಲ್ಲ, ಅದನ್ನು ಓದು. ಅವರು ಮೊದಲು ಒಡಿಶಾದ ನೀರಾವರಿ, ವಿದ್ಯುತ್ ಇಲಾಖೆಯಲ್ಲಿ ಕಿರಿಯ ಸಹಾಯಕಿಯಾಗಿದ್ದರು. ಅಂದರೆ ನಮ್ಮ ಗುಮಾಸ್ತರ ಪೈಕಿ! ಆಮೇಲೆ ಶಾಲೆಯಲ್ಲಿ ಟೀಚರು. ನಗರ ಪಂಚಾಯ್ತಿಗೆ ಬರುವಾಗ ವಯಸ್ಸು ನಲವತ್ತರ ಹತ್ತಿರ. ಅಲ್ಲಿ ಉಪಾಧ್ಯಕ್ಷೆಯೂ ಆದರು. ಗಟಾರ ತೆಗೆಸುವಾಗ, ಕಸ ಎತ್ತಿಸುವಾಗ ಬಿಸಿಲಲ್ಲಿ ತಾವೇ ನಿಂತು ನೋಡುತ್ತಿದ್ದರು ಅಂತ ಆ ಊರಿನವರು ಹೇಳುತ್ತಾರೆ. 2000ದಲ್ಲಿ ಶಾಸಕಿ, ಮಂತ್ರಿ. ಮೊದಲು ವಾಣಿಜ್ಯ, ಸಾರಿಗೆ. ಆಮೇಲೆ ಮೀನುಗಾರಿಕೆ, ಪಶುಸಂಗೋಪನೆ.

ಇಲ್ಲಿಯವರೆಗೆ ನಿನ್ನ ಲೆಕ್ಕ ಸರಿಯೇ ಅನ್ನಿಸುತ್ತದೆ ಅಲ್ವಾ? ಮುಂದೆ ನೋಡು. 2009ರಲ್ಲಿ ಮಯೂರಭಂಜದಿಂದ ಲೋಕಸಭೆಗೆ ನಿಂತು ಸೋತರು. 2014ರಲ್ಲಿ ವಿಧಾನಸಭೆಗೆ ನಿಂತು ಅದನ್ನೂ ಸೋತರು. ಅದೇ ಕೆಲವು ವರ್ಷಗಳ ಒಳಗೆ ಇಬ್ಬರು ಗಂಡುಮಕ್ಕಳು, ಗಂಡ ಎಲ್ಲರೂ ತೀರಿಕೊಂಡರು. ಆ ಹೊತ್ತಿಗೆ ಯಾರಾದರೂ ಅವರ ರಾಜಕೀಯ ಮುಗಿಯಿತು ಅಂದಿದ್ದರೆ ತಪ್ಪು ಹೇಳುವ ಹಾಗಿರಲಿಲ್ಲ. 2015ರಲ್ಲಿ ಜಾರ್ಖಂಡಿನ ರಾಜ್ಯಪಾಲರಾದರು. ಆ ಹುದ್ದೆ ಊರಿನ ಮತದಿಂದ ಬರುವುದಲ್ಲ, ದಿಲ್ಲಿಯವರು ಕರೆದು ಕೊಡುವುದು. ಕೆಲಸ ಮಾಡಿದವರೆಲ್ಲ ಮೇಲೆ ಹೋಗುತ್ತಾರೆ ಅಂತ ನಾನು ನಿನಗೆ ಸುಳ್ಳು ಹೇಳಲಾರೆ. ಹೋಗುವವರು ಬೆರಳೆಣಿಕೆ. ಹೋದವರಲ್ಲೂ ಎಷ್ಟೋ ಜನ ಬರೀ ಟಿಕೆಟ್ಟಿನ ಬಲದಿಂದ ಹೋದವರು.

ನನಗೆ ಅವರ ವಿಷಯದಲ್ಲಿ ಮೆಚ್ಚುಗೆಯಾದದ್ದು ಬೇರೆಯೇ. 2016ರಲ್ಲಿ ಜಾರ್ಖಂಡ್ ಸರ್ಕಾರ ಆದಿವಾಸಿಗಳ ಜಮೀನಿನ ಹಳೇ ಕಾಯ್ದೆಗಳಿಗೆ ತಿದ್ದುಪಡಿ ತಂದು ರಾಜ್ಯಪಾಲರ ಸಹಿಗೆ ಕಳಿಸಿತು. ಅಧಿಕಾರದಲ್ಲಿದ್ದದ್ದು ಅವರು ಬೆಳೆದು ಬಂದ ಪಕ್ಷವೇ. 2017ರಲ್ಲಿ ಅವರು ಸಹಿ ಹಾಕದೆ ವಾಪಸ್ ಕಳಿಸಿದರು. ಕಣ್ಣು ಮುಚ್ಚಿ ಸಹಿ ಹಾಕುವ ಅಭ್ಯಾಸ ಇದ್ದವರಿಂದ ಅದು ಆಗುವ ಕೆಲಸ ಅಲ್ಲ.

ನೀನು ಗೆದ್ದರೆ ಓದಿ ನೋಡಿ ಸಹಿ ಹಾಕುವ ಅಭ್ಯಾಸವನ್ನು ನಗರಸಭೆಯಲ್ಲೇ ಮಾಡಿಕೊ. ಸಾಮಾನ್ಯ ಸಭೆಗೆ ಮೊದಲು ವಿಷಯಸೂಚಿ ಮನೆಗೆ ಬರುತ್ತದೆ. ಹೆಚ್ಚಿನ ಸದಸ್ಯರು ಅದರಲ್ಲಿ ತಮ್ಮ ವಾರ್ಡಿನ ಕಾಮಗಾರಿ ಇದೆಯೋ ಇಲ್ಲವೋ ನೋಡಿ ಮಡಚಿಡುತ್ತಾರೆ. ಕೆಲವರು ಲಕೋಟೆ ಒಡೆಯುವುದೇ ಸಭೆಯಲ್ಲಿ. ಕಟ್ಟಕಡೆಯಲ್ಲಿ ಒಂದು ಸಾಲು ಇರುತ್ತದೆ: ‘ಅಧ್ಯಕ್ಷರ ಅಪ್ಪಣೆ ಮೇರೆಗೆ ಬರುವ ಇತರ ವಿಷಯಗಳು’. ಊಟದ ಹೊತ್ತಾಗಿ ಎಲ್ಲರೂ ಏಳುವ ತರಾತುರಿಯಲ್ಲಿರುವಾಗ ಆ ಸಾಲಿನ ಅಡಿಯಲ್ಲಿ ಏನೇನೋ ಠರಾವು ಪಾಸಾಗಿಬಿಡುತ್ತದೆ. ಮಳಿಗೆ ಬಾಡಿಗೆ, ಹಳೇ ಬಿಲ್ಲು, ಟೆಂಡರ್ ಮುಂದುವರಿಕೆ. ನಾನೇ ಬರೆದಿದ್ದೇನೆ, ‘ಸರ್ವಾನುಮತದಿಂದ’ ಅಂತ.

ನಾನು ಕೆಲಸ ಮಾಡಿದ ಕರಾವಳಿಯ ಒಂದು ಊರಿನಲ್ಲಿ ಮೀನು ಮಾರುತ್ತಿದ್ದ ಹೆಂಗಸೊಬ್ಬರು ಸದಸ್ಯೆಯಾಗಿ ಬಂದರು. ಓದು ಅಷ್ಟಕ್ಕಷ್ಟೆ. ಸಭೆಯ ಹಿಂದಿನ ದಿನ ಬುಟ್ಟಿ ಹೊರಗಿಟ್ಟು ಒಳಗೆ ಬಂದು, ‘ಮಾಸ್ತರೇ, ಓದಿ’ ಅನ್ನುವರು. ನಾನು ಮಾಸ್ತರನೂ ಅಲ್ಲ, ಏನೂ ಅಲ್ಲ. ಪೂರ್ತಿ ಓದಿಸಿಕೊಂಡು, ಅನುಮಾನ ಬಂದ ಕಡೆ ಮತ್ತೆ ಓದಿಸುವರು. ಅವರ ಕೇರಿಯಲ್ಲಿ ಗಟಾರದ ಕೆಲಸ ಮುಗಿದು ಬಿಲ್ಲು ಬಂತು. ಅಂದಾಜುಪಟ್ಟಿಯಲ್ಲಿ ಆಳ ಎರಡು ಅಡಿ. ಅವರು ಕೊಡೆಯ ಕೋಲಿಗೆ ಎರಡಡಿಗೆ ಸರಿಯಾಗಿ ಕೆಂಪು ದಾರ ಕಟ್ಟಿಕೊಂಡು ಹೋಗಿ, ಹತ್ತು ಹೆಜ್ಜೆಗೊಮ್ಮೆ ಗಟಾರಕ್ಕೆ ಇಳಿಸಿ ನೋಡಿದರು. ದಾರ ಎಲ್ಲೂ ಗಟಾರದ ಅಂಚಿನವರೆಗೆ ಇಳಿಯಲಿಲ್ಲ, ಕೆಲವು ಕಡೆ ಒಂದು ಗೇಣು ಮೇಲೇ ಉಳಿಯಿತು. ಮರುದಿನ ಅದೇ ಕೊಡೆ ಹಿಡಿದು ಸಭೆಗೆ ಬಂದರು. ಇಂಜಿನಿಯರು ಅಳತೆ ಪುಸ್ತಕ ತರಿಸಬೇಕಾಯಿತು, ಬಿಲ್ಲು ನಿಂತಿತು. ಅವರಿಗೆ ಮುಂದಿನ ಸಲ ನಿಲ್ಲಲು ಆಗಲಿಲ್ಲ. ವಾರ್ಡಿನ ಮೀಸಲಾತಿ ಬದಲಾಯಿತು.

ಹೌದು, ಅದನ್ನೂ ತಿಳಿದುಕೊ. ನೀನು ಐದು ವರ್ಷ ಬೆವರು ಸುರಿಸಿದ ವಾರ್ಡು ಮುಂದಿನ ಸಲ ನಿನ್ನದಲ್ಲದೆ ಹೋಗಬಹುದು. ಅಧ್ಯಕ್ಷ ಸ್ಥಾನಕ್ಕೂ ಬೇರೆ ಮೀಸಲಾತಿ ಪಟ್ಟಿ ಇದೆ. 2018ರಲ್ಲಿ ಗೆದ್ದ ರಾಜ್ಯದ ಎಷ್ಟೋ ಸದಸ್ಯರು ಆ ಪಟ್ಟಿಯ ಕೋರ್ಟು ವ್ಯಾಜ್ಯ ಮುಗಿಯುವ ತನಕ, 2020ರವರೆಗೆ, ಅಧಿಕಾರ ಇಲ್ಲದೆ ಸುಮ್ನೆ ಕೂತರು. ಇನ್ನು ದಿಲ್ಲಿ ಅಂದೆಯಲ್ಲ, ನಮ್ಮ ಉತ್ತರ ಕನ್ನಡ ಲೋಕಸಭಾ ಕ್ಷೇತ್ರದಲ್ಲಿ 8 ವಿಧಾನಸಭಾ ಕ್ಷೇತ್ರ. ಬೆಳಗಾವಿ ಜಿಲ್ಲೆಯ ಖಾನಾಪುರ, ಕಿತ್ತೂರೂ ಸೇರಿವೆ. ಶಿರಸಿಯ ದೇವಿಕೆರೆಯ ಸುತ್ತಮುತ್ತ ಹೆಸರು ಮಾಡಿದರೆ ಖಾನಾಪುರದವರಿಗೆ ಏನು?

ರಾಮಕೃಷ್ಣ ಹೆಗಡೆಯವರು ಪಕ್ಕದ ಸಿದ್ದಾಪುರದ ದೊಡ್ಮನೆಯವರು. ಮುಖ್ಯಮಂತ್ರಿಯಾದರು, 1998ರಲ್ಲಿ ಕೇಂದ್ರದ ವಾಣಿಜ್ಯ ಮಂತ್ರಿಯಾದರು. ಕೇಂದ್ರದಲ್ಲಿ ಏನು ಮಾಡಿದರು ಅಂತ ಕೇಳಿದರೆ ನಮ್ಮ ಕಡೆಯ ಹಳಬರೂ ತಡವರಿಸುತ್ತಾರೆ. ಅದೇ 1983ರ ಪಂಚಾಯತ್ ಕಾಯ್ದೆ, ಅವರ ಪಂಚಾಯತ್ ರಾಜ್ ಮಂತ್ರಿ ನಜೀರ್ ಸಾಬರು, 1987ರ ಮಂಡಲ ಪಂಚಾಯ್ತಿ ಚುನಾವಣೆ ಅಂದರೆ ಜಗಲಿಯಲ್ಲಿ ಕೂತು ತಾಸುಗಟ್ಟಲೆ ಹೇಳುತ್ತಾರೆ. ಹೆಂಗಸರಿಗೆ ನಾಲ್ಕರಲ್ಲಿ ಒಂದು ಸ್ಥಾನ ಅಂತ ಆಗ ಇಟ್ಟಾಗ, ಅಭ್ಯರ್ಥಿ ಎಲ್ಲಿಂದ ತರೋಣ ಅಂತ ಗಂಡಸರು ತಲೆ ಕೆರೆದುಕೊಂಡದ್ದು ನನಗೆ ನೆನಪಿದೆ. ಈಗ ನೀನು ನಾನೇ ನಿಲ್ಲುತ್ತೇನೆ ಅನ್ನುತ್ತಿದ್ದೀಯ. ನನಗೆ ಖುಷಿಯೇ.

ಇನ್ನೊಂದು. ನಿನ್ನ ಅಣ್ಣ ಸಣ್ಣಪುಟ್ಟ ಗುತ್ತಿಗೆ ಹಿಡಿಯುತ್ತಾನಲ್ಲ, ನಗರಸಭೆಯ ಕೆಲಸವನ್ನು ಈಗಲೇ ಬಿಡಲಿ. ಗುತ್ತಿಗೆಯಲ್ಲಿ ಪಾಲಿದೆ ಅಂತಾದರೆ ಸದಸ್ಯತ್ವಕ್ಕೇ ಕುತ್ತು. ಕಾನೂನು ಹೇಗೂ ಇರಲಿ, ಯಲ್ಲಾಪುರ ನಾಕಾದಲ್ಲಿ ಚಾ ಕುಡಿಯುವವರ ಬಾಯಿ ಮುಚ್ಚಿಸಲು ಆಗುವುದಿಲ್ಲ. ಅವನಿಗೆ ಸಿಟ್ಟು ಬರುತ್ತದೆ, ಬರಲಿ. ನಾನು ಹೇಳಿದೆ ಅನ್ನು.

ಕಳೆದ ವರ್ಷದ ಬಜೆಟ್ ಪುಸ್ತಕ ಸಿಕ್ಕರೆ ತೆಗೆದುಕೊಂಡು ಒಂದು ಭಾನುವಾರ ಇಲ್ಲಿಗೆ ಬಾ. ಕೆಂಗ್ರೆ, ಮಾರಿಗದ್ದೆಯಿಂದ ನೀರು ಎತ್ತುವ ಕರೆಂಟ್ ಬಿಲ್ಲಿಗೆ ಎಷ್ಟು ಹೋಗುತ್ತದೆ, ಪೌರಕಾರ್ಮಿಕರ ಸಂಬಳಕ್ಕೆ ಎಷ್ಟು, ಉಳಿಯುವುದು ಎಷ್ಟು ಅಂತ ಕೂತು ನೋಡೋಣ. ನಿನ್ನ ದೊಡ್ಡಮ್ಮ ಮೀನುಸಾರು ಮಾಡುತ್ತಾಳೆ. ಅಷ್ಟರೊಳಗೆ ಮತದಾರರ ಪಟ್ಟಿಯಲ್ಲಿ ನಿನ್ನ ಹೆಸರು ಸರಿ ಇದೆಯಾ ನೋಡು. ಮನೆ ತೆರಿಗೆ, ನೀರಿನ ಕರ ಬಾಕಿ ಇದ್ದರೆ ನಾಮಪತ್ರಕ್ಕೇ ಆಕ್ಷೇಪ ಬರುತ್ತದೆ. ನಿನ್ನ ಅಪ್ಪನನ್ನು ನಂಬಿ ಕೂರಬೇಡ. ಅವನು ಕಟ್ಟಿದ್ದೇನೆ ಅನ್ನುತ್ತಾನೆ, ನೀನು ರಸೀದಿ ಕೇಳು.

ಇಂತಿ ನಿನ್ನ
ದೊಡ್ಡಪ್ಪ